ಇಟ್ಟಮಡುವಿನ ಕಟಿಂಗ್ ಮಷೀನು ನಿಂತ ದಿನ

ಬಾಮೈದ ಸುಭಾಷ್ ತನ್ನ ಅಂಗಡಿಯ ಕಂಪ್ಯೂಟರ್ ಕೆಡಿಸಿದ ಅಂತ ಯಲ್ಲಯ್ಯ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಇಟ್ಟಮಡುವಿನಲ್ಲಿ ಅವನದು ರೇಡಿಯಂ ಸ್ಟಿಕ್ಕರ್ ಅಂಗಡಿ. ಓದಿದ್ದು ಆರನೇ ಕ್ಲಾಸು, ಕೋಪ ಮೂಗಿನ ತುದಿಯಲ್ಲಿ. ಕಂಪ್ಯೂಟರಿಗೆ ವಿಂಡೋಸ್ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿ, ಕಟಿಂಗ್ ಮಷೀನಿಗೆ ಅಕ್ಷರ ಕಳಿಸುವ ಸಾಫ್ಟ್‌ವೇರ್ ಕೂರಿಸಿಕೊಟ್ಟವನೂ ಸುಭಾಷನೇ. ಹತ್ತು ವರ್ಷ ಅದು ತಕರಾರಿಲ್ಲದೆ ನಡೆದಿತ್ತು.

ಆ ಬುಧವಾರ ಬೆಳಿಗ್ಗೆ ಸುಭಾಷ್ ಹೊಸ ಡಿಸೈನ್ ಸಾಫ್ಟ್‌ವೇರ್ ಹಾಕಲು ಬಂದಿದ್ದ. ಬೇಕು ಅಂದವನು ಯಲ್ಲಯ್ಯನೇ. ಅದಕ್ಕೆ ಒಂದು ಲೈಬ್ರರಿ ಹೊಸದಾಗಬೇಕಿತ್ತು. ಲೈಬ್ರರಿ ಅಂದರೆ ನಾಲ್ಕಾರು ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಫೈಲು. ಹೊಸದು ಬಂದರೆ ಹಳೆಯದು ಹೋಗುತ್ತದೆ, ಅದನ್ನೇ ನಂಬಿಕೊಂಡ ಕಟಿಂಗ್ ಸಾಫ್ಟ್‌ವೇರ್ ನಿಂತರೂ ನಿಲ್ಲಬಹುದು, ಒಂದು ಗಂಟೆ ಕೊಟ್ಟರೆ ಹಳೆಯದರ ಕಾಪಿ ಇಟ್ಟುಕೊಂಡು ಮಾಡುತ್ತೇನೆ ಅಂದ ಸುಭಾಷ್. ಯಲ್ಲಯ್ಯ ಬಾಗಿಲಿಗೆ ಅಡ್ಡ ಬೈಕ್ ನಿಲ್ಲಿಸಿದವನ ಜೊತೆ ಜಗಳಕ್ಕೆ ಬಿದ್ದಿದ್ದ.

“ನಿನ್ ಪುರಾಣ ಸಾಕು, ಒತ್ತಯ್ಯ ಅತ್ಲಾಗೆ,” ಅಂದ ಅಲ್ಲಿಂದಲೇ.

ಸುಭಾಷ್ ಇನ್‌ಸ್ಟಾಲ್ ಬಟನ್ ಒತ್ತಿದ. ಹೊಸ ಡಿಸೈನ್ ಸಾಫ್ಟ್‌ವೇರ್ ಚೆನ್ನಾಗಿಯೇ ತೆರೆಯಿತು. ಕಟಿಂಗ್ ಸಾಫ್ಟ್‌ವೇರ್ ಮಾತ್ರ, ಲೈಬ್ರರಿ ಸಿಗುತ್ತಿಲ್ಲ ಅಂತ ಒಂದು ಸಾಲು ತೋರಿಸಿ ಮುಚ್ಚಿಕೊಂಡಿತು.

ಅಷ್ಟರಲ್ಲಿ ಪಾರ್ವತಮ್ಮ ಬಂದರು. ಸ್ಕೂಲ್ ವ್ಯಾನ್ ಓಡಿಸಿ ಮನೆ ನಡೆಸುವವರು. ಮಾರನೇ ದಿನ ಆರ್‌ಟಿಓನಲ್ಲಿ ವ್ಯಾನಿನ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವೇ ಅನ್ನುವ ತಪಾಸಣೆ; ಮೈಮೇಲೆ ‘ಶಾಲಾ ವಾಹನ’ ಅಂತ ಅಕ್ಷರವಿಲ್ಲದಿದ್ದರೆ ವಾಪಸ್ ಕಳಿಸುತ್ತಾರೆ, ಗಾಡಿ ರಸ್ತೆಗಿಳಿಯುವಂತಿಲ್ಲ. ಸಂಜೆಯೊಳಗೆ ಅಂಟಿಸಿಕೊಡುತ್ತೇನೆ ಅಂತ ಯಲ್ಲಯ್ಯ ಮಾತು ಕೊಟ್ಟಿದ್ದ.

“ನೋಡಮ್ಮ ಈ ಮನೆಹಾಳನ್ನ,” ಅಂತ ಇಡೀ ಬೀದಿಗೆ ಕೇಳುವಂತೆ ಶುರು ಮಾಡಿದ. “ಓದಿರೋ ದಡ್ಡ.”

“ಭಾವ, ನೀವೇ ಒತ್ತು ಅಂದ್ರಿ.”

“ನಂಗೇನ್ ಗೊತ್ತಯ್ಯ ಅದೆಲ್ಲ? ಗೊತ್ತಿರೋನು ನೀನು, ಕೈ ಕಟ್ಕೊಂಡ್ ಕೂತ್ಕೋಬೇಕಿತ್ತು.”

ಸುಭಾಷ್ ಶ್ರೀನಗರದ ತನ್ನ ಮನೆಗೆ ಹೋದ. ಯಲ್ಲಯ್ಯ ಬ್ಲೇಡು ಹಿಡಿದು ಕೈಯಲ್ಲೇ ಅಕ್ಷರ ಕತ್ತರಿಸಲು ಕೂತ. ಹತ್ತು ವರ್ಷದಲ್ಲಿ ಕೈಗೆ ಅಭ್ಯಾಸ ತಪ್ಪಿಹೋಗಿತ್ತು.

“ಏನ್ರೀ ಇದು, ಡ್ರೈವರ್ ಕುಡ್ದು ಬರ್ದಂಗಿದೆ,” ಅಂದರು ಪಾರ್ವತಮ್ಮ.

ಮಧ್ಯಾಹ್ನ ಸುಭಾಷ್ ಮನೆಯಲ್ಲಿದ್ದ ಹಳೇ ಡಿಸ್ಕಿನಿಂದ ಅದೇ ಹಳೇ ಲೈಬ್ರರಿ ಹುಡುಕಿ ತಂದ. ಹೊಸದನ್ನು ಮುಟ್ಟದೆ, ಹಳೆಯದನ್ನು ಬೇರೆ ಫೋಲ್ಡರಿನಲ್ಲಿಟ್ಟು, ಕಟಿಂಗ್ ಸಾಫ್ಟ್‌ವೇರ್‌ಗೆ ಮಾತ್ರ ಅದರ ದಾರಿ ತೋರಿಸಿದ. ಐದು ಗಂಟೆಗೆ ಮಷೀನು ಅಕ್ಷರ ಕತ್ತರಿಸಿತು. ಮಾರನೇ ದಿನ ಎಫ್‌ಸಿ ಆಯಿತು.

ಒತ್ತು ಅಂದದ್ದು ಯಲ್ಲಯ್ಯನಿಗೆ ಚೆನ್ನಾಗಿ ನೆನಪಿತ್ತು. ಬೀದಿಯಲ್ಲಿ ಬೈದವರು ಬೀದಿಯಲ್ಲೇ ತಪ್ಪಾಯ್ತು ಅನ್ನಬೇಕು ಅಂತ ಪಾರ್ವತಮ್ಮ ಹೇಳಿದಾಗ, ಹಬ್ಬಕ್ಕೆ ಬರ್ತಾನಲ್ಲ, ಹೇಳ್ತೀನಿ ಅಂದ. ಯುಗಾದಿಗೆ ಸುಭಾಷ್ ಬಂದ. ಇನ್ನೊಂದು ಹೋಳಿಗೆ ಹಾಕ್ಕೋ ಅಂದ ಯಲ್ಲಯ್ಯ, ತುಪ್ಪವನ್ನೂ ತಾನೇ ಬಡಿಸಿದ. ಅದಾಗಿ ಮೂರು ಯುಗಾದಿ ಕಳೆದಿವೆ. ಆ ಮಾತು ಬಾಕಿಯೇ ಇದೆ.