ಓದುವವನೊಬ್ಬ, ಅರ್ಥ ಹೇಳುವವನೊಬ್ಬ

ಜಗದೇವಪ್ಪನಿಗೆ ಕಂಠ ಕೊಡುವಾಗ ದೇವರು ಅಳತೆ ನೋಡಿರಲಿಲ್ಲ. ಚೌಡಾಪುರದ ಮಠದಲ್ಲಿ ಶ್ರಾವಣ ಬಂತೆಂದರೆ ಪುರಾಣ ಓದುವವನು ಅವನೇ. ಅವನು ಪದ್ಯ ಎತ್ತಿಕೊಂಡರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಗಂಡಸರು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ಮರೆಯುತ್ತಿದ್ದರು. ಪದ್ಯ ಮುಗಿದದ್ದೇ ಅವನು ಪಕ್ಕಕ್ಕೆ ತಿರುಗಿ ನೋಡುತ್ತಿದ್ದ. ಅಲ್ಲಿ ಗುರುಲಿಂಗಯ್ಯನವರು ಕೂತಿರುತ್ತಿದ್ದರು. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಅರ್ಥ ಹೇಳುತ್ತಿದ್ದರು. ಆ ಕಡೆಯ ಪದ್ಧತಿಯೇ ಹಾಗೆ, ಓದುವವನೊಬ್ಬ, ಅರ್ಥ ಹೇಳುವವನೊಬ್ಬ. ಅಯ್ಯನವರು ಅರ್ಥ ಹೇಳುವಾಗ ಜಗದೇವಪ್ಪ ಮುಂದಿನ ಪದ್ಯಕ್ಕೆ ರಾಗ ಹುಡುಕುವುದರಲ್ಲಿ ಮುಳುಗಿರುತ್ತಿದ್ದ. ಇಷ್ಟು ಶ್ರಾವಣ ಕಳೆದರೂ ಪುರಾಣದಲ್ಲಿ ಯಾರು ಯಾರ ಮಗನೆಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಯಾರೂ ಅಂದಿರಲೂ ಇಲ್ಲ.

ಇದೇ ಕಂಠದ ಬಲದಿಂದ ಅವನು ಮೆಟ್ರಿಕ್ ಕೂಡ ದಾಟಿದ. ಸಮಾಜಶಾಸ್ತ್ರವನ್ನು ಒಂದು ರಾಗದಲ್ಲಿ, ವಿಜ್ಞಾನವನ್ನು ಇನ್ನೊಂದು ರಾಗದಲ್ಲಿ ಬಾಯಿಪಾಠ ಮಾಡಿದ್ದ. ಪ್ರಶ್ನೆ ಪುಸ್ತಕದಲ್ಲಿದ್ದ ಹಾಗೆಯೇ ಬಂದರೆ ಉತ್ತರ ಹಾಡಿನಂತೆ ಇಳಿಯುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ಊರಿನ ಬೆರಳೆಣಿಕೆಯ ಹುಡುಗರಷ್ಟೇ ಕಾಲೇಜಿನ ಮುಖ ಕಂಡಿದ್ದರು. ಜಗದೇವಪ್ಪ ಟ್ರಂಕು ಹಾಸಿಗೆ ಸಮೇತ ಅಫಜಲಪುರಕ್ಕೆ ಹೋಗಿ ಪಿಯುಸಿಗೆ ಸೇರಿದ. ಅಪ್ಪ ದೌಲತರಾಯನಿಗೆ ಇದು ಅಷ್ಟು ಒಪ್ಪಿಗೆಯಿರಲಿಲ್ಲ. ಆಳಂದದಲ್ಲಿ ಹೆಂಡತಿಯ ತಮ್ಮನದು ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿಯಿತ್ತು, ಅಲ್ಲಿ ಗದ್ದಿಗೆಯ ಮೇಲೆ ಕೂರಲು ಮನೆಯವನೇ ಒಬ್ಬ ಬೇಕಾಗಿತ್ತು.

"ಒಂದ ವರ್ಷ ನೋಡ್ತೇನಿ. ಫೇಲಾದೆಂದ್ರ ಸೀದಾ ಆಳಂದ," ಎಂದು ಅವನು ಕಡ್ಡಿ ಮುರಿದಂತೆ ಹೇಳಿದ್ದ.

ಜಗದೇವಪ್ಪನಿಗೆ ಅಡತಿ ಅಂಗಡಿ ಎಂದರೆ ಎದೆ ಒಡೆಯುತ್ತಿತ್ತು. ತೊಗರಿಯ ಧೂಳಿಗೆ ಕಂಠ ಹಾಳಾಗುತ್ತದೆ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಒಳಗಿನ ಮಾತೇ ಬೇರೆ. ಅವನಿಗೆ ಪುಸ್ತಕ ಹಿಡಿದು ಕೂರುವುದೆಂದರೆ ಪ್ರಾಣ. ಬೇರೆ ಯಾವ ಕೆಲಸದಲ್ಲೂ ಅವನನ್ನು ಯಾರೂ ಹೊಗಳಿರಲಿಲ್ಲ.

ಕಾಲೇಜಿನಲ್ಲಿ ಇತಿಹಾಸ ಕಲಿಸುವವರು ಮಥುರಾಬಾಯಿ ಮೇಡಂ. ಆಳಂದದ ಕಡೆಯವರು, ಕೃಶದೇಹ, ಮಾತು ಮಾತ್ರ ಹಸಿಮೆಣಸಿನಕಾಯಿ. ಮೊದಲ ವಾರದಲ್ಲೇ ಅವರು ಜಗದೇವಪ್ಪನನ್ನು ಎಬ್ಬಿಸಿ ಪಾಠ ಓದಿಸಿದರು. ಫ್ರಾನ್ಸಿನ ಕ್ರಾಂತಿ ಹಾಗೆ ಯಾವ ಕಾಲೇಜಿನಲ್ಲೂ ಮೊಳಗಿರಲಿಕ್ಕಿಲ್ಲ. ಪಕ್ಕದ ಕೋಣೆಯ ಹುಡುಗರು ಕಿಟಕಿಗೆ ಬಂದು ನಿಂತರು. ಹಿಂದಿನ ಬೆಂಚಿನವನೊಬ್ಬ ಮೈಮರೆತು "ಹರಹರ ಮಹಾದೇವ" ಎಂದುಬಿಟ್ಟ.

"ಭಾಳ ಛಂದ ಓದಿದೆಪ್ಪಾ. ಈಗ ಏನು ಓದಿದಿ, ಹೇಳು," ಎಂದರು ಮೇಡಂ.

ಜಗದೇವಪ್ಪ ಪಕ್ಕಕ್ಕೆ ತಿರುಗಿ ನೋಡಿದ. ಅಲ್ಲಿ ಕೂತಿದ್ದವನು ಅವನ ಕೋಣೆಯ ಜೊತೆಗಾರ ಗೌಸಮೊಹಿದ್ದೀನ. ಅವನು ಹೆದರಿ ನೆಲ ನೋಡಿದ.

"ಅತ್ತ ಯಾಕ ನೋಡ್ತಿ?"

"ಅರ್ಥಾ ಹೇಳೋರು ಬ್ಯಾರೆ ಇರ್ತಾರ್ರಿ ಮೇಡಂ," ಎಂದ ಜಗದೇವಪ್ಪ, ಬಹಳ ವಿನಯದಿಂದ.

ತರಗತಿ ನಕ್ಕು ನಕ್ಕು ಸುಸ್ತಾಯಿತು. ಮೇಡಂ ನಗಲಿಲ್ಲ. ನಗು ಬಂದಿತ್ತು, ತಡೆದುಕೊಂಡರು. ಆ ಹುಡುಗ ಚೇಷ್ಟೆಗೆ ಅಂದದ್ದಲ್ಲ, ಇದ್ದದ್ದನ್ನೇ ಅಂದ ಎಂಬುದು ಅವರಿಗೆ ತಿಳಿಯಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನು ಪುಟಗಟ್ಟಲೆ ಬರೆದ. ಕೇಳಿದ್ದು ಕ್ರಾಂತಿಗೆ ಕಾರಣಗಳು, ಬರೆದದ್ದು ಕ್ರಾಂತಿಯ ಪರಿಣಾಮಗಳು. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಮೇಡಂ ಸೊನ್ನೆ ಕೊಟ್ಟು ಅವನನ್ನು ಕರೆಸಿದರು.

"ನಿನ್ನ ಧ್ವನೀನೇ ನಿನ್ನ ವೈರಿ ಆಗೇದ. ನಾಳಿಯಿಂದ ಬಾಯಾಗ ನೀರು ಹಿಡಕೊಂಡು ಓದು. ಒಂದು ಪುಟ ಆದ ಮ್ಯಾಲೆ ನುಂಗು, ಪುಸ್ತಕ ಮುಚ್ಚು, ನಿಮ್ಮ ಅವ್ವಗ ಹೇಳಿದಂಗ ಹೇಳು."

ಪಾಪ, ಜಗದೇವಪ್ಪ ಅದನ್ನೂ ಮಾಡಿದ. ಕೆನ್ನೆ ಉಬ್ಬಿಸಿಕೊಂಡು ಓದುತ್ತಿದ್ದ ಅವನನ್ನು ನೋಡಿ ಕೋಣೆಯ ಬಾಗಿಲಿಗೆ ಬಂದವರು ಹಲ್ಲುನೋವಿಗೆ ಲವಂಗ ಹೇಳಿ ಹೋಗುತ್ತಿದ್ದರು. ರಾಗವನ್ನು ಮಾತ್ರ ನೀರು ತಡೆಯಲಿಲ್ಲ. ಅದು ಮೂಗಿನಿಂದ ಹೊರಟಿತು. ಪುಟ ಮುಗಿದು ನೀರು ನುಂಗಿದರೆ ಪಾಠವೂ ಜೊತೆಗೇ ಹೊಟ್ಟೆಗೆ ಹೋಗುತ್ತಿತ್ತು. ಅವನು ಸೋತು ಮೇಡಂ ಮುಂದೆ ನಿಂತ, ಕಣ್ಣಲ್ಲಿ ನೀರು ತಂದುಕೊಂಡೇ ನಿಂತ.

"ಹಂಗಾರ ನೀ ಓದಬ್ಯಾಡ. ಗೌಸ ಓದಲಿ. ನೀ ಅರ್ಥಾ ಹೇಳೋರ ಜಾಗಾದಾಗ ಕೂಡು," ಎಂದರು ಮೇಡಂ.

ಗೌಸ ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತವನು. ಅವನು ಕನ್ನಡ ಓದಿದರೆ ಕಲ್ಲುದಾರಿಯಲ್ಲಿ ಚಕ್ಕಡಿ ಹೋದಂತೆ. ಪ್ರತಿ ಶಬ್ದಕ್ಕೆ ನಿಲ್ಲುತ್ತಿದ್ದ, ಹಿಂದೆ ಹೋಗುತ್ತಿದ್ದ, ಮತ್ತೆ ಮುಂದೆ ಬರುತ್ತಿದ್ದ. ಮೊದಲ ದಿನ ಜಗದೇವಪ್ಪ ಕಿವಿ ಮುಚ್ಚಿಕೊಂಡ. ಎರಡನೆಯ ದಿನ, ತೇಲಿಹೋಗಲು ರಾಗವೇ ಇಲ್ಲವಾದ್ದರಿಂದ, ಬೇರೆ ದಾರಿ ಕಾಣದೆ ಮಾತಿಗೆ ಕಿವಿಗೊಟ್ಟ.

"'ರೈತರು ತೆರಿಗೆಯ ಭಾರದಿಂದ ಕುಗ್ಗಿದ್ದರು' ಅಂತ ಐತಿ. ಹೇಳಲೇ, ಹಂಗಂದ್ರೇನು?" ಗೌಸ ಕೇಳಿದ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

"ಅಂದ್ರ... ದೊಡ್ಡ ದೊಡ್ಡ ಗೌಡ್ರು ಕಂದಾಯ ಕೊಡ್ತಿದ್ದಿಲ್ಲ. ಎಲ್ಲಾ ಬಡವರ ತಲಿಮ್ಯಾಲೆ."

"ಮತ್ತ ಬಡವರು ಸುಮ್ನ ಇದ್ರ?"

ಜಗದೇವಪ್ಪ ಉತ್ತರಿಸಲು ಬಾಯಿ ತೆರೆದವನು ಪುಸ್ತಕ ಕಸಿದುಕೊಂಡು ಮುಂದಿನ ಸಾಲು ನೋಡಿದ. ಬಾಯಿ ಮುಚ್ಚಿಕೊಂಡೇ ನೋಡಿದ. ಮುಂದೆ ಏನಾಯಿತು ಎಂದು ತಿಳಿಯಬೇಕೆಂಬ ಆಸೆ ಪುಸ್ತಕದ ಮುಂದೆ ಅವನಿಗೆ ಹುಟ್ಟಿದ್ದು ಅದೇ ಮೊದಲು. ಅಲ್ಲಿಂದ ಇಬ್ಬರೂ ದಿನಾ ಕೂತರು. ಇವನ ಅರ್ಥದಿಂದ ಅವನ ಓದು ಚುರುಕಾಯಿತು, ಅವನ ಪ್ರಶ್ನೆಗಳಿಂದ ಇವನ ತಲೆ ಬಿಚ್ಚಿಕೊಂಡಿತು. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂತು. ಇತಿಹಾಸದಲ್ಲಿ ಇಡೀ ತರಗತಿಗೆ ಜಗದೇವಪ್ಪನೇ ಮುಂದು. ಉಳಿದವೂ ಪಾಸು, ಇಂಗ್ಲೀಷೊಂದನ್ನು ಬಿಟ್ಟು. ಇಂಗ್ಲೀಷಿಗೆ ಓದುವ ಗೌಸನೂ ಇರಲಿಲ್ಲ, ಅರ್ಥ ಹೇಳುವ ಜಗದೇವಪ್ಪನೂ ಇರಲಿಲ್ಲ. ರಜೆ ಮುಗಿಯುವಷ್ಟರಲ್ಲಿ ಮತ್ತೊಮ್ಮೆ ಬರೆಯಬಹುದು ಎಂದು ಮೇಡಂ, ಮಗನನ್ನು ಕರೆದೊಯ್ಯಲು ಬಂದ ದೌಲತರಾಯನಿಗೆ ತಿಳಿಸಿ ಹೇಳಿದರು.

"ಇರಲಿ ಬಿಡ್ರಿ ಬಾಯಾರ. ಫೇಲಂದ್ರ ಫೇಲು. ಓದಿ ಓದಿ ಮರುಳಾದ ಕೂಚಂಭಟ್ಟ ಆಗೂದ ಬ್ಯಾಡ," ಎಂದು ಅವನು ಕೈಮುಗಿದು, ಟ್ರಂಕು ಹೊರಿಸಿಕೊಂಡು ಮಗನನ್ನು ಬಸ್ಸು ಹತ್ತಿಸಿದ.

ಬಸ್ಸು ಅಫಜಲಪುರ ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ ದೌಲತರಾಯ, ಮಾತಿಗೆ ಬೇರೇನೂ ಸಿಗದೆ, "ಆ ಬಾಯಿ ಇತಿಹಾಸ ಇತಿಹಾಸ ಅಂತ ಹೊಗಳಿದಳಲ್ಲ, ಏನೈತಿ ಅದರಾಗ?" ಎಂದ.

ಜಗದೇವಪ್ಪನಿಗೆ ಹೇಳುವ ಮನಸ್ಸಿರಲಿಲ್ಲ. ಆದರೂ ಶುರುಮಾಡಿದ. ರಾಗವಿಲ್ಲ, ಏರಿಳಿತವಿಲ್ಲ. ಫ್ರಾನ್ಸ್ ಎಂಬ ದೇಶ, ಬೆಳೆ ಬರಲಿಲ್ಲ, ರೊಟ್ಟಿ ತುಟ್ಟಿಯಾಯಿತು, ಜನ ಸೆರೆಮನೆ ಒಡೆದರು, ಹೆಂಗಸರು ಮಳೆಯಲ್ಲಿ ನಡೆದು ರಾಜನ ಅರಮನೆಗೆ ಹೋದರು.

"ಹೆಣ್ಮಕ್ಕಳಾ?" ದೌಲತರಾಯ ಹುಬ್ಬೇರಿಸಿದ.

"ಹೋಗಲ್ದ ಏನ ಮಾಡ್ತಾರಪಾ? ಮಕ್ಕಳ ಹೊಟ್ಟಿಗಿ ಏನ ಹಾಕ್ತಾರ?" ಎಂದಳು ಮುಂದಿನ ಸೀಟಿನ ಖಾಸೀಂಬಿ, ಸಂತೆಯಿಂದ ಬರುತ್ತಿದ್ದ ಮುದುಕಿ. ಅವಳು ತಿರುಗಿಯೇ ಕೂತುಬಿಟ್ಟಳು.

ಗೌಡರು ಕಂದಾಯ ಕೊಡುತ್ತಿರಲಿಲ್ಲ ಎಂಬಲ್ಲಿ ದೌಲತರಾಯ ಸೀಟಿನಲ್ಲಿ ಅತ್ತಿತ್ತ ಸರಿದ. ರಾಜನನ್ನೇ ಅರಮನೆಯಿಂದ ರಾಜಧಾನಿಗೆ ಕರೆತಂದು ಕಾವಲಿಟ್ಟರು ಎಂಬಲ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟ. ರಾಜ ಆಳಿನ ವೇಷ ಹಾಕಿ, ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಗಡಿಯ ಕಡೆ ಓಡುತ್ತಿದ್ದಾನೆ, ಒಂದು ಊರಿನಲ್ಲಿ ಕುದುರೆ ಬದಲಿಸಲು ನಿಂತಿದ್ದಾನೆ, ಒಬ್ಬನಿಗೆ ಆ ಮುಖ ಎಲ್ಲೋ ನೋಡಿದ ಹಾಗೆ ಅನ್ನಿಸಿದೆ...

"ಚೌಡಾಪುರ! ಚೌಡಾಪುರ ಇಳೀರಿ!" ಕಂಡಕ್ಟರ್ ಕೂಗಿದ.

ಜಗದೇವಪ್ಪ ಮಾತು ನಿಲ್ಲಿಸಿ ಎದ್ದ. ದೌಲತರಾಯ ಏಳಲಿಲ್ಲ. ಮಗನ ಅಂಗಿ ಹಿಡಿದು ಜಗ್ಗಿದ.

"ಸಿಕ್ಕನೇನಲೇ ಅವ?"

"ಊರು ಬಂತಪಾ."

"ಊರು ಎಲ್ಲಿ ಹೋಗ್ತದ? ಕಂಡಕ್ಟರ್ ಸಾಹೇಬ್ರ, ಗುಲಬರ್ಗಾತನಕ ಎರಡು ಟಿಕೀಟು ಹರೀರಿ. ಅಲ್ಲಿ ನಂದೊಂದು ಕೆಲಸ ಐತಿ." ಅಂಥ ಕೆಲಸವೇನೂ ಇರಲಿಲ್ಲ.

ಗುಲಬರ್ಗಾ ಮುಟ್ಟುವಷ್ಟರಲ್ಲಿ ರಾಜ ಸಿಕ್ಕಿಬಿದ್ದು, ಅವನ ತಲೆಯೂ ಹೋಗಿತ್ತು. ಖಾಸೀಂಬಿ ಅವನ ಮಕ್ಕಳಿಗಾಗಿ ಲೊಚಗುಟ್ಟಿ ಇಳಿದುಹೋದಳು. ದೌಲತರಾಯ ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತು, ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿ ಊದಿ ಊದಿ ಕುಡಿದ. ಮಗನ ಮುಖ ನೋಡದೆ ಕೇಳಿದ.

"ಆ ಇಂಗ್ಲೀಷ ಪರೀಕ್ಷಾ ಮತ್ತ ಯಾವಾಗ ಅಂದಳು ಆ ಬಾಯಿ?"

ಜಗದೇವಪ್ಪ ಹೇಳಲು ಹೋದ. ಊರಿಗೆ ಊರನ್ನೇ ಅಳಿಸಿದ್ದ ಆ ಕಂಠದಿಂದ ಒಂದು ಅಕ್ಷರವೂ ಹೊರಡಲಿಲ್ಲ.

"ಅಳಬ್ಯಾಡಲೇ, ಮಂದಿ ನೋಡಾಕತ್ತಾರ," ಎಂದ ದೌಲತರಾಯ. ಬಸಿಯಲ್ಲಿ ಉಳಿದ ಚಹಾವನ್ನು ಮಗನ ಕಡೆ ಸರಿಸಿ, ಅಫಜಲಪುರಕ್ಕೆ ವಾಪಸು ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಲು ಎದ್ದುಹೋದ.