ಎಡಚಿ ಎಳೆದ ಕೊನೆಯ ಗೆರೆ

ಇಪ್ಪತ್ತೆರಡು ವರ್ಷ ಅಕ್ಕ ಕತ್ತರಿಸಿದಳು, ತಂಗಿ ಹೊಲಿದಳು. ಹೊಲಿಗೆ ಅಂಗಡಿಯಲ್ಲಿ ಕೆಲಸ ಹಾಗೆ ಹಂಚಿಹೋಗಿತ್ತು. ಮನೆಗೆ ಹೋದರೆ ಮಾತ್ರ ಹಂಚಿಕೊಳ್ಳುವವರಿಲ್ಲದೆ ಅವರವರ ತಲೆಗೇ ಬೀಳುತ್ತಿತ್ತು. ಅಕ್ಕ ಬೀದಿಗೆಲ್ಲ ಎಡಚಿ. ಅವಳ ಕತ್ತರಿಯೂ ಎಡಗೈಯದೇ.

ಎಡಚಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ತಂಗಿ ಜಿಪ್ಪು ಹಾಕಿಕೊಡುತ್ತಿದ್ದಳು, ಅಂಚು ಮಡಿಸಿಕೊಡುತ್ತಿದ್ದಳು. ಹೊಸ ಬಟ್ಟೆ ಮುಟ್ಟುತ್ತಿರಲಿಲ್ಲ. ಮೇಜಿನ ಮೇಲೆ ನರ್ಸೊಬ್ಬಳ ಕೋಟಿನ ನೀಲಿ ಬಟ್ಟೆ, ಅದರ ಮೇಲೆ ಅಕ್ಕ ಕೊನೆಯದಾಗಿ ಎಳೆದ ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು. ಗೆರೆ ಹಾರೀತೆಂದು ಸೆಕೆಯಲ್ಲೂ ಫ್ಯಾನು ಹಾಕುತ್ತಿರಲಿಲ್ಲ. ಬಂದವರು ಬೆವರು ಒರೆಸಿಕೊಂಡು ಹೋಗುತ್ತಿದ್ದರು.

ಹೆಂಡತಿ ಹೋದ ದುಃಖಕ್ಕೆ ಭಾವ ಮಂಚ ಹಿಡಿದಿದ್ದರು. ತಂಗಿಯ ದುಃಖಕ್ಕೆ ಮಂಚ ಸಿಕ್ಕಿರಲಿಲ್ಲ, ಎರಡು ಮನೆಯ ಒಲೆ ಸಿಕ್ಕಿದ್ದವು. ಅಂಗಡಿ ಮುಚ್ಚಿ ಮನೆ ನೋಡಿಕೊಂಡಿರಬಾರದೇ ಎಂದು ಭಾವ ಊಟದ ನಡುವೆ ಹೇಳಿದಾಗ ಅವಳಿಗೂ ಹೌದೆನಿಸಿತ್ತು.

ಆ ದಿನ ನರ್ಸು ನಾಲ್ಕನೆಯ ಸಲ ಬಂದಳು. ಸೋಮವಾರದಿಂದ ಅವಳು ವಾರ್ಡಿಗೇ ಹಿರಿಯಳು, ಕೋಟು ಬೇಕೇ ಬೇಕು. ಹೊಲಿಯದಿದ್ದರೆ ಬಟ್ಟೆ ವಾಪಸು ಕೊಡಬೇಕೆಂದಳು. ಕೊಟ್ಟರೆ ಆ ಗೆರೆ ಪರರ ಪಾಲು. ಅಕ್ಕನ ಗೆರೆಗೆ ಅಕ್ಕನ ಕತ್ತರಿಯೇ ಆಗಬೇಕೆಂದು ತಂಗಿ ಅದನ್ನು ಬಲಗೈಯಲ್ಲಿ ಹಿಡಿದು ಮೊದಲು ಒಂದು ಚಿಂದಿಗೆ ಹಾಕಿ ನೋಡಿದಳು. ಕತ್ತರಿ ಬಟ್ಟೆಯನ್ನು ಹಲ್ಲಿಲ್ಲದ ಮುದುಕಿಯಂತೆ ಅಗಿಯಿತು.

"ಅದು ಅವರ ಕೈಗೆ ಮಾತ್ರ ಬಗ್ಗೋದು ಕಣಮ್ಮ," ಎಂದಳು ನರ್ಸು. "ಇನ್ನೊಂದು ವಿಷಯ. ಈ ನಾಲ್ಕು ತಿಂಗಳಲ್ಲಿ ನಾನು ಊದಿದೀನಿ. ಆ ಗೆರೆ ಮೇಲೆ ಕತ್ತರಿಸಿದ್ರೆ ಕೋಟಿನೊಳಗೆ ಅರ್ಧ ನರ್ಸ್ ಮಾತ್ರ ಹೋಗೋದು."

ತಂಗಿಗೆ ನಗು ಬಂತು, ಅದರ ಬಾಲ ಹಿಡಿದು ಅಳುವೂ ಬಂತು. ಅಕ್ಕನ ಗೆರೆ ತಪ್ಪಾದೀತೆಂದು ಅವಳಿಗೆ ಹೊಳೆದೇ ಇರಲಿಲ್ಲ. ಟೇಪು ತೆಗೆದು ನರ್ಸಿನ ಸೊಂಟ ಅಳೆದಳು. ಆಮೇಲೆ ನೀಲಿ ಬಟ್ಟೆಯನ್ನು ಅಂಗೈಯಿಂದ ತಟ್ಟಿ ತಟ್ಟಿ ಗೆರೆಗಳನ್ನೆಲ್ಲ ಉದುರಿಸಿದಳು. ಎರಡು ಬೆರಳು ಆಚೆಗೆ ತನ್ನ ಗೆರೆ ಎಳೆದು, ಹೆಂಗಸರ ಬಟ್ಟೆಗೆ ಅಕ್ಕ ಎಂದೂ ಮರೆಯದ ಒಳಜೇಬನ್ನೂ ಗುರುತು ಮಾಡಿ, ಅಂಚು ಕತ್ತರಿಸುವ ತನ್ನ ಕತ್ತರಿಯನ್ನೇ ಬಟ್ಟೆಗೆ ಹಾಕಿದಳು. ಬಟ್ಟೆ ಸರ್ರನೆ ದಾರಿ ಬಿಟ್ಟಿತು.

ಮಧ್ಯಾಹ್ನ ಹಸಿದ ಭಾವ ಅಂಗಡಿ ಬಾಗಿಲಿಗೆ ಬಂದಾಗ ಫ್ಯಾನು ತಿರುಗುತ್ತಿತ್ತು, ಮಿಷನ್ನು ಓಡುತ್ತಿತ್ತು.

"ಉಪ್ಪಿನ ಡಬ್ಬಿ ಒಲೆ ಪಕ್ಕ ಎರಡನೇ ಹಲಗೆ ಮೇಲಿದೆ ಭಾವ," ಎಂದಳು ತಲೆಯೆತ್ತದೆ. "ನನಗೂ ಸೇರಿಸಿ ಅಡುಗೆ ಮಾಡಿ. ಕೋಟು ಮುಗಿಸಿ ಬರ್ತೀನಿ."

ಸೋಮವಾರ ನರ್ಸು ಆ ಕೋಟು ತೊಟ್ಟು ಬೀದಿಯುದ್ದಕ್ಕೂ ನಡೆದಳು. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಮೂರು ಹೊಸ ಬಟ್ಟೆ ಬಂದು ಬಿದ್ದಿದ್ದವು. ಭಾವನ ಅಡುಗೆಗೆ ಮಾತ್ರ ಉಪ್ಪು ಇನ್ನೂ ಒಂದು ಕೈ ಹೆಚ್ಚೇ.