ಗಂಟೆಗೆ ಕಟ್ಟಿದ ಬಟ್ಟೆ

ಕುವೆಂಪುನಗರದ ನಮ್ಮ ಮನೆಗೆ ನಾಯಿ ಬಂದ ಮರುದಿನವೇ ನನಗೂ ನನ್ನಕ್ಕನಿಗೂ ಜಗಳ ಹತ್ತಿತು. ಜಗಳ ದೇವರಮನೆಯ ಗಂಟೆಯದು.

ನಾಯಿಯನ್ನು ಸಾಕಿದವರು ಪಕ್ಕದ ಬೀದಿಯ ದೇವಸ್ಥಾನದ ಅರ್ಚಕರು. ಇನ್ನು ಮಗಳ ಫ್ಲಾಟಿನಲ್ಲಿರಲು ಹೊರಟಿದ್ದರು, ಅಲ್ಲಿ ನಾಯಿ ಇಡುವಂತಿರಲಿಲ್ಲ. ‘ಒಂದು ವಾರ ಇಟ್ಕೊಂಡು ನೋಡಿ. ಒಗ್ಗದಿದ್ರೆ ತಮ್ಮನ ತೋಟಕ್ಕೆ ಕಳಿಸ್ತೀನಿ’ ಎಂದಿದ್ದರು.

ಬೆಳಿಗ್ಗೆ ಅಕ್ಕ ಮಂಗಳಾರತಿಗೆ ಗಂಟೆ ಬಾರಿಸಿದಳು. ನಡುಮನೆಯಲ್ಲಿದ್ದ ನಾಯಿ ಗಡಗಡ ನಡುಗಿತು.

‘ಪೂರ್ ಥಿಂಗ್! ಹೆದರ್ಕೊಂಡಿದೆ ಕಣೇ, ನಿಲ್ಸು’ ಎಂದೆ.

‘ಅರವತ್ತು ವರ್ಷದಿಂದ ಬಾರಿಸ್ತಿದೀನಿ. ದೇವ್ರೇ ಹೆದರ್ಲಿಲ್ಲ, ಇದಕ್ಕೇನ್ ಬಂತು?’

ಬಾಯಿ ಜೋರು, ಮನಸ್ಸು ಬೆಣ್ಣೆ. ಮರುದಿನ ನೋಡಿದರೆ ತನ್ನ ಹಳೇ ರವಿಕೆಯ ಚೂರನ್ನು ಗಂಟೆಯ ನಾಲಗೆಗೆ ಸುತ್ತಿದ್ದಳು. ಟೊಕ್, ಟೊಕ್. ನಾಯಿ ನಡುಗಲಿಲ್ಲ. ಆದರೆ ಎರಡು ದಿನ ಮೂಲೆ ಬಿಟ್ಟು ಏಳಲೂ ಇಲ್ಲ. ಇಂಪೋರ್ಟೆಡ್ ಬಿಸ್ಕೆಟ್ಟನ್ನು ಮೂಸಿಯೂ ನೋಡಲಿಲ್ಲ.

‘ತೋಟಕ್ಕೇ ಕಳಿಸ್ಬುಡೋಣ ಬುಡು’ ಎಂದಳು ಅಕ್ಕ, ಸೆರಗಿನಲ್ಲಿ ಮೂಗೊರೆಸುತ್ತಾ. ಕೊನೆಯದಾಗಿ ಆಟೋ ಹಿಡಿದು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದೆವು.

ಆಕೆ ಹೊಟ್ಟೆ, ಕಾಲು, ಕಿವಿ ಎಲ್ಲ ಒತ್ತಿ ನೋಡಿದಳು. ‘ಜ್ವರ ಇಲ್ಲ, ನೋವಿಲ್ಲ. ಆಂಟಿ, ನಾಯಿ ಹೆದರಿದ್ರೂ ನಡುಗುತ್ತೆ, ಚಳಿಯಾದ್ರೂ ನಡುಗುತ್ತೆ, ಖುಷಿ ತಡೆಯಕ್ಕಾಗ್ದೇನೂ ನಡುಗುತ್ತೆ. ಮೈ ನಡುಗಿದ್ದು ನೋಡಿದ್ರಿ. ಬಾಲ ನೋಡಿದ್ರಾ?’

ಬಾಲವನ್ನು ನಾವಿಬ್ಬರೂ ನೋಡಿರಲಿಲ್ಲ.

ಮರುದಿನ ಅಕ್ಕ ಗಂಟೆಗೆ ಸುತ್ತಿದ ಬಟ್ಟೆ ಬಿಚ್ಚಿದಳು. ನಾನು ಕನ್ನಡಕ ಹಾಕಿಕೊಂಡು ಕುಳಿತೆ. ಗಂಟೆ ಮೊಳಗಿದ್ದೇ ತಡ ನಾಯಿ ಮೂಲೆಯಿಂದ ಓಡಿ ಬಂದು, ಹೊಸಿಲಿನಾಚೆ ಕುಳಿತು ನಡುಗತೊಡಗಿತು. ಬಾಲ ಮಾತ್ರ ಅಕ್ಕನ ರಂಗೋಲಿಯನ್ನೆಲ್ಲ ಗುಡಿಸಿ ಹಾಕಿತು. ಕಿವಿ ನೆಟ್ಟಗೆ, ಕಣ್ಣು ನೈವೇದ್ಯದ ಪೊಂಗಲ್ ಪಾತ್ರೆಯ ಮೇಲೆ. ದೇವಸ್ಥಾನದಲ್ಲಿ ಗಂಟೆ ಬಾರಿಸಿದೊಡನೆ ಅದಕ್ಕೂ ಪೊಂಗಲ್ ಪ್ರಸಾದ ಬೀಳುತ್ತಿತ್ತು. ನಾವೋ, ಪೊಂಗಲ್ ನಾವೇ ತಿಂದು ಹತ್ತು ಗಂಟೆಗೆ ಅದಕ್ಕೆ ಬಿಸ್ಕೆಟ್ ಹಾಕುತ್ತಿದ್ದೆವು!

ನನಗಾದರೂ ಹೊಳೆಯಬೇಕಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಲಂಚ್ ಬೆಲ್ಲಿನ ಹಗ್ಗಕ್ಕೆ ಕೈ ಹಾಕಿದರೆ ಸಾಕು, ಡೆಸ್ಕಿನಡಿ ನಮ್ಮ ಕಾಲುಗಳೂ ಹೀಗೇ ಕುಣಿಯುತ್ತಿದ್ದವು. ಯಾವ ಕಾಲದ ಮಾತು! ಆ ಹುಡುಗಿಯರೆಲ್ಲ ಈಗ ಎಲ್ಲೆಲ್ಲಿದ್ದಾರೋ.

‘ಬಾರೋ ಭಕ್ತಶಿರೋಮಣಿ’ ಎಂದು ಅಕ್ಕ ಮೊದಲ ಸೌಟನ್ನು ಅದಕ್ಕೇ ಬಡಿಸಿದಳು.

ವಾರ ತುಂಬಿದ ದಿನ ಅರ್ಚಕರ ಫೋನ್ ಬಂತು. ಅಕ್ಕ ನನ್ನ ಕೈಯಿಂದ ಕಿತ್ತುಕೊಂಡಳು.

‘ತೋಟ ಗೀಟ ಏನೂ ಬೇಡ ಸ್ವಾಮಿ. ಒಂದ್ ವಿಷ್ಯ ಹೇಳಿ, ನಿಮ್ಮ ಪೊಂಗಲ್‌ಗೆ ತುಪ್ಪ ಎಷ್ಟ್ ಹಾಕ್ತಿದ್ರಿ?’